ಮುಕ್ಕಾಮಿನ ನೀರು, ಮುಕ್ಕಾಮಿನ ಹಕ್ಕು

ಬೀದರ್ ಸೀಮೆಯಲ್ಲಿ ಕಾಲ್ನಡಿಗೆಯಲ್ಲಿ ಹೊರಟವರು ಬಯಲಲ್ಲಿ ರಾತ್ರಿ ಕಳೆಯುವುದಕ್ಕೆ ಇರುವ ಮಾತುಗಳನ್ನು ಎಣಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಜಲು, ಮುಕ್ಕಾಂ, ಡೇರಾ, ಬಿಡಾರ, ತಾಂಡಾ ಹೀಗೆ ಹಲವು ಭಾಷೆಗಳ ಮಾತು ಇಲ್ಲಿ ಕೂಡಿಕೊಂಡಿವೆ. ಒಂದಕ್ಕೂ ಒಂಟಿತನದ ಅರ್ಥವಿಲ್ಲ. ಮಜಲು ಎಂದರೆ ಒಂದು ದಿನದ ನಡಿಗೆ ಮುಗಿಯುವ ಠಾವು. ಮುಕ್ಕಾಂ ಎಂದರೆ ಮಂದಿ, ದನ, ಸಾಮಾನು ಸಮೇತ ಇಳಿದುಕೊಳ್ಳುವ ಜಾಗ. ತಾಂಡಾ ಎಂದರೆ ಮೊದಲಿಗೆ ಜಾಗವೇ ಅಲ್ಲ, ಹೇರೆತ್ತುಗಳ ಜೊತೆ ನಡೆಯುವ ಗುಂಪು. ಆ ಗುಂಪು ನಿಂತ ಮೇಲೆ ಹೆಸರು ನೆಲಕ್ಕೆ ಅಂಟಿಕೊಂಡಿತು. ಇವತ್ತು ಪೇಟೆಯ ಹುಡುಗರು ಬೆನ್ನಿಗೆ ಚೀಲ ಏರಿಸಿ, ಗಾಡಿ ಹೋಗದ ಕಾಡಿಗೆ ನಡೆದು, ನೀಲಗಿರಿ ಮರಗಳ ನಡುವೆ ಟೆಂಟು ಹೊಡೆದು ಮಲಗಲು ಬಯಸುವಾಗ ಅವರು ಹುಡುಕುವುದು ಜನ ಇಲ್ಲದ ಜಾಗವನ್ನು. ಹಳೆಯ ಮುಕ್ಕಾಮಿನವರು ಹುಡುಕುತ್ತಿದ್ದದ್ದು ಜನ ಇರುವ ಜಾಗದ ಅಂಚನ್ನು. ಒಂದೇ ನೆಲದಲ್ಲಿ, ಒಂದೇ ಬಗೆಯ ನಡಿಗೆಯಲ್ಲಿ, ಬಯಕೆ ಇಷ್ಟು ತಿರುವುಮುರುವು ಆದದ್ದಕ್ಕೆ ಅಭಿರುಚಿಯ ಬದಲಾವಣೆ ಎಂಬ ಉತ್ತರ ಸಾಲದು. ಬಯಲಲ್ಲಿ ತಂಗುವುದು ಇಲ್ಲಿ ಶತಮಾನಗಳ ಕಾಲ ನೀರು, ಮೇವು, ಬೆಂಕಿಗಳ ಮೇಲಿನ ಹಕ್ಕಿನ ವಿಷಯವಾಗಿತ್ತು. ಆ ಹಕ್ಕು ಹೋದಾಗ ಮುಕ್ಕಾಂ ಹೋಯಿತು. ನಡೆಯುವವರು ತೆರವಾದ ಕಾಡಿಗೆ ಆಮೇಲೆ ಏಕಾಂತ ಎಂಬ ಹೆಸರು ಬಂತು. ಈ ಲೇಖನದ ವಾದ ಇಷ್ಟೇ. ಅದನ್ನು ಬೀದರ್, ಭಾಲ್ಕಿ, ಔರಾದಗಳ ನೆಲದ ಮೇಲೆ ಒರೆಗೆ ಹಚ್ಚಬೇಕು.

ಮೊದಲ ಸಾಕ್ಷಿ ಕನ್ನಡದ ಒಳಗೇ ಇದೆ. ಬಿಡು ಎಂಬ ಧಾತುವಿನಿಂದ ಬೀಡು ಬಂತು, ಬಿಡಾರವೂ ಬಂತು. ನೊಗ ಬಿಡುವ, ಹೇರು ಇಳಿಸುವ, ದನವನ್ನು ಮೇಯಲು ಬಿಡುವ ಜಾಗ ಬೀಡು. ಇವತ್ತಿನ ಬೀದರ್ ಜಿಲ್ಲೆಯೊಳಗೇ ಇರುವ ಕಲ್ಯಾಣದಿಂದ ಆಳಿದ ಚಾಲುಕ್ಯರ ಶಾಸನಗಳು ರಾಜಧಾನಿಯನ್ನು ನೆಲೆವೀಡು ಎಂದು ಕರೆದವು. ಸೈನ್ಯ ಸಾಗುತ್ತಾ ಇಳಿದುಕೊಂಡದ್ದು ಬೀಡು; ಹಾಗೆ ಇಳಿದದ್ದು ನೆಲೆಯಾಗಿ ನಿಂತರೆ ನೆಲೆವೀಡು. ಅಂದರೆ ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡಿಗನ ಕಲ್ಪನೆಯಲ್ಲಿ ಊರು ಮೊದಲು, ಬಿಡಾರ ಆಮೇಲೆ ಎಂಬ ಕ್ರಮವಿರಲಿಲ್ಲ. ರಾಜಧಾನಿಯೆಂಬುದೂ ಗಟ್ಟಿಯಾದ ಬಿಡಾರವೇ. ಪದದ ವ್ಯುತ್ಪತ್ತಿಯಿಂದ ಇತಿಹಾಸ ಕಟ್ಟಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಹುಟ್ಟಿನ ಅರ್ಥವನ್ನು ಮರೆತು ಬಳಕೆಯಲ್ಲಿರುವ ಪದಗಳು ಎಲ್ಲ ಭಾಷೆಯಲ್ಲೂ ಇವೆ. ಆದರೆ ಬೀಡು ಬಿಡುವುದು ಎಂಬ ಮಾತು ಇವತ್ತಿಗೂ ಸೈನ್ಯಕ್ಕೆ, ಜಾತ್ರೆಗೆ, ಅಲೆಮಾರಿಗಳಿಗೆ ಅದೇ ಅರ್ಥದಲ್ಲಿ ಸಲ್ಲುತ್ತಿದೆ. ಈ ಪದ ಇಲ್ಲಿ ಒಂದು ಸುಳಿವು ಮಾತ್ರ. ಅದಕ್ಕೆ ನೆಲದ ಒತ್ತಾಸೆ ಸಿಕ್ಕರೆ ಅದು ಸಾಕ್ಷಿಯಾಗುತ್ತದೆ.

ನೆಲ ಒತ್ತಾಸೆ ಕೊಡುತ್ತದೆ. ಬೀದರ್ ನಗರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆ ದಿಣ್ಣೆಯ ಮೇಲೆ. ಕೆಳಗಿನದು ಕಪ್ಪು ಬಸಾಲ್ಟ್ ಬಂಡೆ, ಅದರ ಮೇಲೆ ಎರೆಹೊಲ. ಮಳೆನೀರು ಸರಂಧ್ರವಾದ ಜಂಬಿಟ್ಟಿಗೆಯೊಳಗೆ ಇಳಿದು, ಕೆಳಗಿನ ಬಿಗಿಯಾದ ಪದರ ಸಿಕ್ಕಾಗ ಅಡ್ಡ ಹರಿದು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಪಾಪನಾಶ, ನರಸಿಂಹ ಝರಣಿ, ಗುರುನಾನಕ್ ಝೀರಾ ಮೂರೂ ಹಾಗೆ ದಿಣ್ಣೆಯ ನೀರಿಗೆ ಅಂಟಿಕೊಂಡು ಬೆಳೆದ ಪುಣ್ಯಸ್ಥಳಗಳು. ಅದೇ ನೀರನ್ನು ನೆಲದೊಳಗಿನ ಸುರಂಗದಲ್ಲಿ ಹಿಡಿದು ತಂದದ್ದು ಬಹಮನಿ ಕಾಲದ ನೌಬಾದಿನ ಕರೇಜ್. ಇದರ ಪರಿಣಾಮ ಸ್ಪಷ್ಟ: ಈ ಸೀಮೆಯಲ್ಲಿ ಬೇಸಿಗೆಯ ನೀರು ಎಲ್ಲೆಂದರಲ್ಲಿ ಇಲ್ಲ, ಗೊತ್ತಾದ ಕೆಲವೇ ಜಾಗಗಳಲ್ಲಿ ಇದೆ, ಮತ್ತು ಆ ಜಾಗಗಳನ್ನು ಊರು, ಮಠ, ದರ್ಗಾ, ಗುಡಿ ಮೊದಲೇ ಹಿಡಿದಿವೆ. ನಡೆಯುವವನು ಅಲ್ಲಿಗೇ ಬರಬೇಕು. ಗುರುನಾನಕರ ಕಥೆಯನ್ನೇ ನೋಡಿ. 1510ರಿಂದ 1514ರ ನಡುವಿನ ದಕ್ಷಿಣ ಯಾತ್ರೆಯಲ್ಲಿ ಅವರು ಬೀದರಿನ ಹೊರಗೆ ಬಿಡಾರ ಹೂಡಿದರು, ಜನ ನೀರಿನ ಬವಣೆ ಹೇಳಿಕೊಂಡರು, ಅವರು ಕಲ್ಲು ಸರಿಸಿದಾಗ ಝರಿ ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. ಪವಾಡವನ್ನು ನಂಬುವುದು ಬಿಡುವುದು ಬೇರೆ ಮಾತು. ಕಥೆಯ ರಚನೆ ಮಾತ್ರ ಈ ನೆಲದ್ದು. ನಡೆದು ಬಂದ ಸಂತ ಊರ ಹೊರಗೆ ಇಳಿಯುತ್ತಾನೆ, ಊರಿನವರೊಂದಿಗೆ ಮೊದಲ ಮಾತು ನೀರಿನದು, ಬಿಡಾರ ಉಳಿಸಿ ಹೋಗುವುದು ಊರಿಗೂ ಆಗುವ ನೀರು. 1948ರಲ್ಲಿ ಅಲ್ಲಿ ಗುರುದ್ವಾರ ಎದ್ದಿತು. ಬಂದವರಿಗೆಲ್ಲ ಲಂಗರಿನಲ್ಲಿ ಊಟ ಇವತ್ತಿಗೂ ನಡೆದಿದೆ.

ಹದಿನೈದನೆಯ ಶತಮಾನಕ್ಕೆ ಬಂದರೆ ನಡೆದವನೊಬ್ಬನ ಬರಹವೇ ಸಿಗುತ್ತದೆ. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ವಜೀರ ಮಹಮೂದ್ ಗವಾನನ ಮದರಸಾ ಮುಗಿದದ್ದು 1472ರಲ್ಲಿ, ಅಂದರೆ ಬಹಮನಿ ರಾಜಧಾನಿಯ ಏರುಕಾಲ ಅದು. ಚೌಲ್ ಬಂದರಿನಲ್ಲಿ ಇಳಿದ ಅವನು ಘಟ್ಟ ಹತ್ತಿ ಬಂದ ದಾರಿಯನ್ನು ದಿನಗಳಲ್ಲಿ ಲೆಕ್ಕ ಇಡುತ್ತಾನೆ: ಪಾಲಿಗೆ 8 ದಿನ, ಅಲ್ಲಿಂದ ಉಮ್ರಿಗೆ 10 ದಿನ, ಅಲ್ಲಿಂದ ಜುನ್ನರಿಗೆ 6 ದಿನ. ದೂರವೆಂದರೆ ಅವನಿಗೆ ಎಷ್ಟು ರಾತ್ರಿ ಎಲ್ಲಿ ಇಳಿಯಬೇಕು ಎಂಬ ಲೆಕ್ಕ. ಕನ್ನಡದ ಮಜಲು ಕೂಡ ಅದೇ ಅಳತೆ. ಬೀದರಿನಿಂದ 12 ಹರಿದಾರಿಯಾಚೆ, ಇವತ್ತಿನ ಆಳಂದ ಎಂದು ಗುರುತಿಸಲಾಗಿರುವ ಕಡೆ, ವರ್ಷಕ್ಕೊಮ್ಮೆ ಹತ್ತು ದಿನ ಜಾತ್ರೆ ಸೇರುತ್ತದೆ, ಮಾರಾಟಕ್ಕೆ 20,000 ಕುದುರೆ ಬರುತ್ತವೆ ಎಂದು ಬರೆಯುತ್ತಾನೆ. ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಹತ್ತು ಸಾವಿರ ಕುದುರೆಗೆ ಹತ್ತು ದಿನ ನೀರು, ಹುಲ್ಲು ಒದಗಿಸುವ ಏರ್ಪಾಡು ಬೇಕು. ಸುಲ್ತಾನ ತಾಯಿ, ಹೆಂಡತಿಯ ಸಮೇತ ವಿಹಾರಕ್ಕೆ ಹೊರಟರೆ ಹಿಂದೆ 10,000 ಸವಾರರು, 50,000 ಕಾಲಾಳು ಎಂಬ ವರ್ಣನೆಯೂ ಅವನದೇ. ಇಲ್ಲಿ ಒಂದು ಅಂಶ ಗಮನಿಸಬೇಕು. ಸಂತೋಷಕ್ಕಾಗಿ ಬಯಲಿಗೆ ಹೋಗುವುದು ಹೊಸ ಚಾಳಿ ಎಂದು ತಿಳಿಯುವ ಅಗತ್ಯವಿಲ್ಲ. ಆದರೆ ಆ ಸಂತೋಷ ಯಾವತ್ತೂ ಇನ್ನೊಬ್ಬರ ಕೆರೆ, ಇನ್ನೊಬ್ಬರ ಹುಲ್ಲುಗಾವಲು, ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿತ್ತು. ಸುಲ್ತಾನನಿಗೆ ಆ ಹಕ್ಕನ್ನು ಯಾರೂ ಕೊಡಬೇಕಿರಲಿಲ್ಲ. ಉಳಿದವರಿಗೆ ಅದು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ.

ಉಳಿದವರಲ್ಲಿ ದೊಡ್ಡವರು ಲಂಬಾಣಿಗರು, ಅಂದರೆ ಬಂಜಾರರು. ಬೀದರಿನ ಪ್ರಸ್ಥಭೂಮಿಗೆ ಕರಾವಳಿಯ ಉಪ್ಪು ಬರಬೇಕಾದರೆ, ಇಲ್ಲಿನ ಜೋಳ ಬೇಳೆ ಬೇರೆಡೆಗೆ ಹೋಗಬೇಕಾದರೆ, ಗಾಡಿರಸ್ತೆ ಇಲ್ಲದ ಕಾಲದಲ್ಲಿ ಇದ್ದದ್ದು ಎತ್ತಿನ ಬೆನ್ನೊಂದೇ. ಗೋಲ್ಕೊಂಡದ ವಜ್ರಕ್ಕಾಗಿ ದಖನಿನಲ್ಲಿ ಓಡಾಡಿದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಒಂದೊಂದು ಸಾಲಿನಲ್ಲಿ 10,000ದಿಂದ 12,000 ಎತ್ತುಗಳಿರುವ ಹೇರುಗಳನ್ನು ಕಂಡು ಬರೆದಿದ್ದಾನೆ. ಅವು ಎದುರಾದರೆ ದಾರಿ ತೆರವಾಗಲು ಎರಡು ಮೂರು ದಿನ ಕಾಯಬೇಕಾದದ್ದೂ ಉಂಟಂತೆ. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ 1632ರಲ್ಲಿ ಉತ್ತರ ಭಾರತದಲ್ಲಿ ಕಂಡ ತಾಂಡಾದಲ್ಲಿ 14,000 ಎತ್ತುಗಳಿದ್ದವು. ಅವು ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಈ ವೇಗವನ್ನು ಬೀದರಿನಿಂದ ಔರಾದಕ್ಕೆ ಇರುವ ಸುಮಾರು 40 ಕಿಲೋಮೀಟರಿಗೆ ಹೊಂದಿಸಿ ನೋಡಿ: ನಾಲ್ಕು ದಿನದ ನಡಿಗೆ, ನಡುವೆ ಮೂರು ರಾತ್ರಿಯ ಮುಕ್ಕಾಂ. ಒಂದು ಎತ್ತು ದಿನಕ್ಕೆ 30 ಲೀಟರ್ ನೀರು ಕುಡಿಯುತ್ತದೆ ಎಂದು ಹಿಡಿದರೂ 14,000 ಎತ್ತುಗಳಿಗೆ ಒಂದು ರಾತ್ರಿಗೆ 4,20,000 ಲೀಟರ್. ಮಂಡಿ ಕಂಡದ್ದರ ಹತ್ತನೆಯ ಒಂದು ಪಾಲಿನ ತಾಂಡಾ ಈ ದಾರಿಯಲ್ಲಿ ಸಾಗಿದರೂ 42,000 ಲೀಟರ್ ಬೇಕು. ಇದು ಒಂದು ಸೇದುಬಾವಿ ಕೊಡುವ ನೀರಲ್ಲ. ಮಾಂಜ್ರಾ ಹೊಳೆಯ ಮಡು ಬೇಕು, ಕೆರೆ ಬೇಕು, ಹಳ್ಳ ಬೇಕು. ಅದರ ಜೊತೆಗೆ ದನ ಕಟ್ಟಲು ಊರೊಟ್ಟಿನ ಹುಲ್ಲುಗಾವಲಾದ ಗಾಯರಾಣ, ಒಲೆಗೆ ಕಟ್ಟಿಗೆ, ಗೋಣಿ ಮೂಟೆಗಳನ್ನು ಗೋಡೆಯಂತೆ ಒಟ್ಟಿ ಸುತ್ತ ಕಾವಲು ಕೂರುವಷ್ಟು ಬಯಲು ಬೇಕು. ಇಷ್ಟು ದೊಡ್ಡ ಬಳಗ ಯಾರ ಗಮನಕ್ಕೂ ಬಾರದೆ ದೂರದ ಕಾಡಿನಲ್ಲಿ ಇಳಿಯುವುದು ಸಾಧ್ಯವೇ ಇರಲಿಲ್ಲ. ಇಳಿದರೆ ಅದರ ವ್ಯಾಪಾರವೂ ನಡೆಯುತ್ತಿರಲಿಲ್ಲ. ಉಪ್ಪು ಕೊಳ್ಳುವವರು ಊರಿನಲ್ಲಿದ್ದರು.

ಇಂಥ ತಂಗುವಿಕೆಗೆ ಅಧಿಕಾರದ ಒಪ್ಪಿಗೆ ಹೇಗಿತ್ತು ಎಂಬುದಕ್ಕೆ ಲಂಬಾಣಿಗರ ನೆನಪಿನಲ್ಲಿ ಒಂದು ಪ್ರಸಿದ್ಧ ದಾಖಲೆ ಉಳಿದಿದೆ. 1630ರ ಸುಮಾರಿಗೆ ಷಹಜಹಾನನ ವಜೀರ ಆಸಫ್ ಖಾನ್ ದಖನಿಗೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಧಾನ್ಯ ಹೊತ್ತವರು ಭಂಗಿ, ಜಂಗಿ ಎಂಬ ನಾಯಕರು. ಅವರ ಬಳಿ 1,80,000 ಎತ್ತುಗಳಿದ್ದವು ಎಂಬುದು ಪ್ರತೀತಿ. ದಂಡಿನ ಕುದುರೆಗೂ ತಾಂಡಾದ ಎತ್ತಿಗೂ ಮೇವಿನ ಜಗಳ ಬಂದಾಗ ಆಸಫ್ ಖಾನ್ ತಾಮ್ರದ ಹಾಳೆಯ ಮೇಲೆ ಬಂಗಾರದ ಅಕ್ಷರದಲ್ಲಿ ಅವರಿಗೆ ಸನ್ನದು ಬರೆಸಿಕೊಟ್ಟನಂತೆ. ಅದರ ಸಾರ: ಬೇರೆ ನೀರು ಸಿಗದಿದ್ದರೆ ಮನೆಯ ರಂಜಣಿಗೆಯ ನೀರನ್ನೂ, ಬೇರೆ ಮೇವು ಸಿಗದಿದ್ದರೆ ಚಪ್ಪರಕ್ಕೆ ಹೊದಿಸಿದ ಹುಲ್ಲನ್ನೂ ಅವರು ತೆಗೆದುಕೊಳ್ಳಬಹುದು, ದಿನಕ್ಕೆ ಮೂರು ಕೊಲೆಯವರೆಗೆ ಅವರಿಗೆ ಮಾಫಿ, ವಜೀರನ ಕುದುರೆ ಎಲ್ಲಿಯೋ ಅವರ ಎತ್ತೂ ಅಲ್ಲಿ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳು ಈ ಕಥೆಯನ್ನು ಬರೆದಿಟ್ಟರು. ಮಾತಿಗೆ ಮಾತು ಇದೇ ಸನ್ನದು ಇತ್ತೋ, ಹೇಳುತ್ತಾ ಹೇಳುತ್ತಾ ಬೆಳೆಯಿತೋ ಎಂಬ ಅನುಮಾನ ಇಟ್ಟುಕೊಂಡೇ ಇದನ್ನು ಓದಬೇಕು. ಆದರೆ ಒಂದು ಸಮುದಾಯ ತನ್ನ ಹಿರಿಮೆಯ ಕಥೆಯಲ್ಲಿ ರಾಜನಿಂದ ಏನು ಪಡೆದೆವು ಎಂದು ನೆನೆಯುತ್ತದೆ ಎಂಬುದೇ ಇಲ್ಲಿ ಬೆಲೆಯುಳ್ಳ ಸಾಕ್ಷಿ. ಜಹಗೀರು ಕೇಳಲಿಲ್ಲ, ಊರು ಕೇಳಲಿಲ್ಲ, ಒಂದು ಗೇಣು ಹೊಲವನ್ನೂ ಕೇಳಲಿಲ್ಲ. ನೀರು, ಹುಲ್ಲು, ಅಡ್ಡಿಯಿಲ್ಲದ ದಾರಿ, ಇಷ್ಟೇ. 1657ರಲ್ಲಿ ಔರಂಗಜೇಬ ಬೀದರ್ ಕೋಟೆಗೆ ಮುತ್ತಿಗೆ ಹಾಕಿ ಗೆದ್ದು ಊರಿಗೆ ಜಫರಾಬಾದ್ ಎಂದು ಹೆಸರಿಟ್ಟಾಗಲೂ, 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಹೋದಾಗಲೂ ದಖನಿನ ದಂಡುಗಳ ಹೊಟ್ಟೆ ಇಂಥ ಎತ್ತುಗಳ ಬೆನ್ನನ್ನೇ ನಂಬಿತ್ತು. ದಂಡಿಗೆ ಧಾನ್ಯ ಬೇಕಿದ್ದಷ್ಟು ಕಾಲ ತಾಂಡಾದ ಮುಕ್ಕಾಮಿನ ಹಕ್ಕಿಗೆ ಬೆಲೆಯಿತ್ತು.

ಹಕ್ಕು ಎಂಬ ಮಾತೇ ಇಲ್ಲಿ ಸಲ್ಲದು, ನಮ್ಮದು ಧರ್ಮದ ನಾಡು, ದಾರಿಹೋಕನಿಗೆ ನೀರು ನೆರಳು ಕೊಡುವುದು ಪುಣ್ಯವೆಂದು ಕೊಟ್ಟರು ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಶರಣರ ಕಲ್ಯಾಣ ಇದೇ ಸೀಮೆಯದು. ಜಂಗಮನಿಗೆ ದಾಸೋಹ ಎಂಬುದು ಇಲ್ಲಿನ ಮಠಗಳ ಉಸಿರು. ದರ್ಗಾಗಳ ಮುಸಾಫಿರ್‌ಖಾನೆ, ಗುರುದ್ವಾರದ ಲಂಗರು, ಊರ ಚಾವಡಿ, ದಾರಿಬದಿಯ ಮಾವಿನ ತೋಪಾದ ಅಮರಾಯಿಯ ನೆರಳು ಎಲ್ಲವೂ ಒಬ್ಬಂಟಿ ನಡಿಗೆಯವನನ್ನು ನೂರಾರು ವರ್ಷ ಕಾಪಾಡಿವೆ. ಆಷಾಢದಲ್ಲಿ ಪಂಢರಪುರಕ್ಕೆ ಹೊರಡುವ ದಿಂಡಿಗಳಿಗೆ ಊರೂರಲ್ಲಿ ಅಂಬಲಿ, ಜಾಗ ಕೊಟ್ಟವರು ಲೆಕ್ಕ ಇಟ್ಟವರಲ್ಲ. ಆದರೂ ಧರ್ಮಕ್ಕೆ ಒಂದು ಅಳತೆ ಇದೆ. ಮಠದ ಅಂಗಳದಲ್ಲಿ ನೂರು ಜನ ಮಲಗಬಹುದು, ಸಾವಿರ ಎತ್ತು ಮಲಗಲಾರವು. ಪುಣ್ಯಕ್ಕಾಗಿ ಕೊಟ್ಟ ನೀರನ್ನು ಬರಗಾಲದಲ್ಲಿ ನಿಲ್ಲಿಸಿದರೆ ಕೊಟ್ಟವನು ಪಾಪಿಯಾಗಬಹುದು, ಅಪರಾಧಿಯಾಗುವುದಿಲ್ಲ. ಸನ್ನದಿನ ಕಥೆ ರಂಜಣಿಗೆಯ ನೀರಿನ ಬಗ್ಗೆ ಅಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ ಎಂದು ತೋರುತ್ತದೆ: ಕೊಡುವವನಿಗೆ ಮನಸ್ಸಿಲ್ಲದ ದಿನವೂ ಸಿಗಬೇಕಾದದ್ದು ಹಕ್ಕು. ಇನ್ನು ಕುರಿಗಾರರ ವಿಷಯದಲ್ಲಿ ಧರ್ಮವೂ ಅಲ್ಲ, ರಾಜಾಜ್ಞೆಯೂ ಅಲ್ಲ, ಸರಿಸಮದ ಒಪ್ಪಂದ. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳವೋ ಹಣವೋ. ಮುಕ್ಕಾಮಿಗೆ ಬೆಲೆ ತೆತ್ತವನು ಹೊಲದವನೇ. ಇಂಥ ಹಲವು ಬಗೆಯ ಒಪ್ಪಂದಗಳ ಹೆಣಿಗೆಯ ಮೇಲೆ ನಡಿಗೆಯ ಬದುಕು ನಿಂತಿತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಂಥ ಹಕ್ಕು ಹಳ್ಳಿಗರ ಪಾಲಿಗೆ ಶಾಪವಾಗಿತ್ತು ಎಂಬುದು ಅದು. ಸಾವಿರಾರು ಎತ್ತು ನುಗ್ಗಿದ ಹೊಲದ ಗತಿ ಏನು? ರಂಜಣಿಗೆಯ ನೀರು ಎತ್ತಿಕೊಂಡು ಹೋದರೆ ಆ ಮನೆಯ ಹೆಂಗಸು ಮತ್ತೆ ಎಷ್ಟು ದೂರ ನಡೆಯಬೇಕು? ದಿನಕ್ಕೆ ಮೂರು ಕೊಲೆ ಮಾಫಿ ಎಂಬ ಮಾತಿನಲ್ಲೇ ಹಳ್ಳಿಯ ಭಯ ಅಡಗಿದೆ. ಬಯಲಿನ ಬಿಡಾರ ಸ್ವತಃ ನಡೆಯುವವರಿಗೂ ಸುರಕ್ಷಿತವಾಗಿರಲಿಲ್ಲ. ದಾರಿಹೋಕರ ಸ್ನೇಹ ಗಳಿಸಿ ತಂಗಿದ ಜಾಗದಲ್ಲೇ ಕೊರಳಿಗೆ ರುಮಾಲು ಹಾಕಿದ ಠಕ್ಕರ ವೃತ್ತಾಂತದಿಂದ ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1839ರಲ್ಲಿ ಕಾದಂಬರಿಯನ್ನೇ ಬರೆದ. ಇದನ್ನೆಲ್ಲ ಒಪ್ಪಲೇಬೇಕು. ಮುಕ್ಕಾಮಿನ ಕಾಲವನ್ನು ಸೌಹಾರ್ದದ ಸುವರ್ಣಯುಗವೆಂದು ಬಣ್ಣಿಸಿದರೆ ಅದು ಇತಿಹಾಸವಾಗದು. ಆದರೆ ಈ ಆಕ್ಷೇಪ ಮೂಲ ವಾದವನ್ನು ಕೆಡವುವ ಬದಲು ಎತ್ತಿ ನಿಲ್ಲಿಸುತ್ತದೆ. ಜಗಳ ನಡೆದದ್ದು ನೀರು, ಮೇವು, ಜಾಗದ ಮೇಲೆ. ಜಗಳವಿದ್ದಲ್ಲೇ ಹಕ್ಕಿನ ಮಾತು ಹುಟ್ಟುತ್ತದೆ. ದನ ಬೆಳೆ ಮೇಯ್ದರೆ ದಂಡ ಎಷ್ಟು, ಯಾವ ತಿಂಗಳಲ್ಲಿ ಯಾವ ಹಾದಿ, ಎಷ್ಟು ರಾತ್ರಿ ತಂಗಬಹುದು ಎಂದು ಗೆರೆ ಎಳೆಯುವುದು ಒಂದು ಪರಿಹಾರ. ನಡೆಯುವವರನ್ನೇ ಇಲ್ಲವಾಗಿಸುವುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನ ಆರಿಸಿಕೊಂಡದ್ದು ಎರಡನೆಯದನ್ನು.

ಆ ಆಯ್ಕೆ ಒಂದೇ ದಿನ, ಒಂದೇ ಹುಕುಮಿನಲ್ಲಿ ಆಗಲಿಲ್ಲ. ಒಂದು ಪೆಟ್ಟು ಹೊಟ್ಟೆಗೆ ಬಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ ಉಪ್ಪು, ಹತ್ತಿ, ಧಾನ್ಯ ಎತ್ತಿನ ಬೆನ್ನಿಂದ ಇಳಿಯತೊಡಗಿದವು; ಮುಂದೆ ವಿಕಾರಾಬಾದಿನಿಂದ ಬೀದರ್, ಭಾಲ್ಕಿಗಳ ಮೇಲೆ ಹಾದು ಪರಳಿಯ ಕಡೆಗೆ ಹಳಿ ಬಂದಾಗ ಈ ಸೀಮೆಯ ಹೇರುದಾರಿಗೂ ಮುಗಿತಾಯವಾಯಿತು. ದಿನಗಟ್ಟಲೆಯ ದಾರಿ ಕೆಲವೇ ಗಂಟೆಯದಾಯಿತು, ನಡುವಿನ ಮಜಲುಗಳು ಹೆಸರಿಲ್ಲದೆ ಹೋದವು. ಎರಡನೆಯ ಪೆಟ್ಟು ಅನುಮಾನದ್ದು. ಬ್ರಿಟಿಷ್ ಇಂಡಿಯಾದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಯುವುದನ್ನೇ ಅಪರಾಧದ ಗುರುತು ಮಾಡಿತು. ಸರಕು ಹೊತ್ತು ನಡೆಯುವವನು ವ್ಯಾಪಾರಿ, ಸರಕಿಲ್ಲದೆ ನಡೆಯುವವನು ಕಳ್ಳ! ನಿಜಾಮರ ರಾಜ್ಯದಲ್ಲಿ ಲಂಬಾಣಿಗರು ಹೇರಿನ ಕಸುಬು ಕಳೆದುಕೊಂಡು ದನಗಾರರಾಗಿ, ರೈತರಾಗಿ, ಕೂಲಿಗಳಾಗಿ ಬದಲಾದದ್ದನ್ನು, ನಡುವೆ ಕಳ್ಳರೆಂಬ ಹಣೆಪಟ್ಟಿ ಹೊತ್ತದ್ದನ್ನು ಇತಿಹಾಸಕಾರ ಭಂಗ್ಯಾ ಭೂಕ್ಯಾ 2010ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಸ್ವತಂತ್ರ ಭಾರತ 1952ರಲ್ಲಿ ಆ ಕೇಂದ್ರ ಕಾಯ್ದೆಯನ್ನು ರದ್ದು ಮಾಡಿತು. ಊರ ಹೊರಗೆ ಹೊಸ ಡೇರಾ ಕಂಡರೆ ಠಾಣೆಗೆ ಸುದ್ದಿ ಮುಟ್ಟಿಸುವ ಅಭ್ಯಾಸ ಕಾಯ್ದೆಯ ಜೊತೆ ರದ್ದಾಗಲಿಲ್ಲ.

ಮೂರನೆಯ ಪೆಟ್ಟು ಕಾಡಿನ ಕಡೆಯಿಂದ. ಫಸಲಿ 1355ರ, ಅಂದರೆ 1945ರ ಹೊತ್ತಿನ ಹೈದರಾಬಾದ್ ಅರಣ್ಯ ಕಾಯ್ದೆ, ಅದರ ಜಾಗಕ್ಕೆ ಬಂದ 1963ರ ಕರ್ನಾಟಕ ಅರಣ್ಯ ಕಾಯ್ದೆ, ಎರಡಕ್ಕೂ ಒಂದೇ ಅಚ್ಚು. ಮೀಸಲು ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ಒಳಹೊಗುವುದು, ದನ ಮೇಯಿಸುವುದು, ಬೆಂಕಿ ಹೊತ್ತಿಸುವುದು ಶಿಕ್ಷಾರ್ಹ. ಈ ಮೂರನ್ನೂ ಕೂಡಿಸಿ ನೋಡಿ: ಬಂದು ಇಳಿಯುವುದು, ದನ ಬಿಡುವುದು, ಒಲೆ ಹಚ್ಚುವುದು. ಮುಕ್ಕಾಂ ಎಂದರೆ ಇದೇ ಮೂರು, ನಾಲ್ಕನೆಯದಿಲ್ಲ. ಕಾಯ್ದೆಯ ಉದ್ದೇಶ ಕಾಡನ್ನು ಉಳಿಸುವುದಾಗಿತ್ತು, ಬೀದರಿನಂಥ ಅರಣ್ಯ ಕಡಿಮೆಯಿರುವ ಜಿಲ್ಲೆಯಲ್ಲಿ ಅದು ಬೇಕೂ ಆಗಿತ್ತು. ಆದರೆ ಮುಕ್ಕಾಮಿನ ಮಟ್ಟಿಗೆ ಅದು ಪೂರ್ಣವಿರಾಮ. ಇದರ ಮೇಲೆ ಮರದ ಆಯ್ಕೆಯೂ ಸೇರಿತು. 1790ರ ಸುಮಾರಿಗೆ ಟಿಪ್ಪುವಿನ ನಂದಿಬೆಟ್ಟದ ತೋಟಕ್ಕೆ ಕುತೂಹಲದ ಗಿಡವಾಗಿ ಬಂದ ನೀಲಗಿರಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಬರಡು ದಿಣ್ಣೆಗಳ ಸರ್ಕಾರಿ ಮರವಾಯಿತು. ಬೇಗ ಬೆಳೆಯುತ್ತದೆ, ಕಾಗದಕ್ಕೆ, ರೇಯಾನಿಗೆ ಆಗುತ್ತದೆ ಎಂಬುದು ಒಂದು ಕಾರಣ. ಎಲೆಯ ಎಣ್ಣೆಯ ಘಾಟಿಗೆ ದನ, ಕುರಿ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚಿಲ್ಲ ಎಂಬುದು ಇನ್ನೊಂದು. ಅರಣ್ಯಾಧಿಕಾರಿಗೆ ಗುಣವಾಗಿ ಕಂಡದ್ದೇ ಕುರಿಗಾರನಿಗೆ ದೋಷ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನು ಕಿತ್ತದ್ದು, 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ನಡೆದದ್ದು ಇದೇ ತಕರಾರಿನ ಮೇಲೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಮರಾಯಿಗೂ ನೀಲಗಿರಿ ನೆಡುತೋಪಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಒಂದು ಬಂದವರನ್ನು ಕೂರಿಸಿಕೊಳ್ಳಲು ನೆಟ್ಟದ್ದು, ಇನ್ನೊಂದು ಬಾಯಿ ಹಾಕುವ ದನ ತಾನಾಗಿ ದೂರ ಉಳಿಯಲಿ ಎಂದು ನೆಟ್ಟದ್ದು. ನೆಡುತೋಪಿನ ಮೌನ ಪ್ರಕೃತಿಯದು ಎಂದುಕೊಂಡು ಅದರಡಿ ಮಲಗುವವರು ಈ ಲೆಕ್ಕವನ್ನು ಅರಿತಿರಬೇಕು.

ನಡೆಯುವುದು ನಿಂತ ತಾಂಡಾಗಳು ನಿಂತಲ್ಲೇ ಊರಾದವು. ಔರಾದ ತಾಲ್ಲೂಕಿನ ನಕ್ಷೆಯ ಮೇಲೆ ತಾಂಡಾ ಎಂದು ಕೊನೆಯಾಗುವ ಹೆಸರುಗಳು ಅಲ್ಲಲ್ಲಿ ಕಾಣುತ್ತವೆ. ಹೆಚ್ಚಿನವು ಹಳೆಯ ಊರಿನ ಮನೆಗಳಿರುವ ಗಾಂವಠಾಣದಿಂದ ಹೊರಗೆ, ಗಾಯರಾಣದ ಅಂಚಿನಲ್ಲಿ, ಒಂದು ಕಾಲದ ಮುಕ್ಕಾಮಿನ ಜಾಗವೇ ಎನ್ನುವಷ್ಟು ದೂರದಲ್ಲಿ. ಅಷ್ಟರಲ್ಲಿ ದಾರಿಗಳೂ ತುಂಡಾದವು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರಿಗೆ, ಉದಗೀರ, ನಿಲಂಗಾ, ಅಹಮದಪುರ ಬೊಂಬಾಯಿಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಒಂದೇ ಹೇರುದಾರಿಯ ಮೇಲಿದ್ದ ಬಂಧುಗಳು ಇವತ್ತು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಿಂತ ತಾಂಡಾಕ್ಕೆ ಕಾಗದದ ಮೇಲೆ ಊರಿನ ಮಾನ ಸಿಗಲು ಇನ್ನೂ ಕಾಲ ಹಿಡಿಯಿತು. 2009ರಲ್ಲಿ ರಾಜ್ಯದಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು. 2023ರ ಜನವರಿ 19ರಂದು ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಈ ಐದು ಜಿಲ್ಲೆಗಳ 1,475 ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಬೀಡು ನೆಲೆವೀಡಾಗುವ ಹಳೆಯ ಕ್ರಮ ಒಂಬೈನೂರು ವರ್ಷದ ಮೇಲೆ ಕಂದಾಯ ಇಲಾಖೆಯ ಮೂಲಕ ಮತ್ತೊಮ್ಮೆ ನಡೆಯಿತು.

ಇದನ್ನೆಲ್ಲ ಬಿಡುವಿನ ವೇಳೆಯ ಕಾಡುವಾಸಕ್ಕೆ ತಳುಕು ಹಾಕುವುದು ಸರಿಯೇ ಎಂಬುದು ಕೊನೆಯ ಆಕ್ಷೇಪ. ಹೊಟ್ಟೆಪಾಡಿನ ನಡಿಗೆ ಬೇರೆ, ಮನಸ್ಸಿನ ಹಗುರಕ್ಕೆ ನಡೆಯುವುದು ಬೇರೆ. ಮೇಲಾಗಿ ಉಳಿದಿರುವ ಚೂರುಪಾರು ಕಾಡಿಗೆ ಕಟ್ಟುಪಾಡು ಬೇಡವೇ? ಬೇಕು. ಬೀದರಿನ ಸನಿಹದ ಹೊನ್ನಿಕೇರಿ ಮೀಸಲು ಅರಣ್ಯದಲ್ಲಿ ಕೃಷ್ಣಮೃಗ ಉಳಿದಿರುವುದಕ್ಕೆ ಕಾವಲೂ ಒಂದು ಕಾರಣ. ಅಲ್ಲಿ ವಿಲಾಸಪುರ ಕೆರೆಯ ಬಳಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಯೂ ಇದೆ. ಕೆರೆಯ ಬಳಿ ಎಂಬುದನ್ನು ಗಮನಿಸಿ: ಬಂಜಾರ ನಾಯಕನೂ ಅದೇ ಜಾಗ ಆರಿಸುತ್ತಿದ್ದ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ, ಭಾಲ್ಕಿಯ ಶಾಸಕರೂ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ ಚಾರಣಕ್ಕೆ ಕಡಿವಾಣ ಹಾಕಿದರು. ಅದೇ ವರ್ಷ ಅರಣ್ಯ ವಿಹಾರ ಎಂಬ ಆನ್‌ಲೈನ್ ಬುಕಿಂಗ್ ಏರ್ಪಾಡು ಬಂತು. ಎಷ್ಟು ಜನ, ಯಾವ ಹಾದಿ, ಯಾವ ದಿನ ಎಂದು ಗೆರೆ ಎಳೆಯುವ ಈ ಕ್ರಮದಲ್ಲಿ ತಪ್ಪಿಲ್ಲ. ಹತ್ತೊಂಬತ್ತನೆಯ ಶತಮಾನ ಆರಿಸದೆ ಬಿಟ್ಟ ಮೊದಲ ಪರಿಹಾರ ಇದೇ ಆಗಿತ್ತು. ಪ್ರಶ್ನೆ ಇರುವುದು ಅದು ಯಾರಿಗೆ ಸಿಕ್ಕಿದೆ ಎಂಬುದರಲ್ಲಿ. ಮೊಬೈಲಿನಲ್ಲಿ ಶುಲ್ಕ ಕಟ್ಟಿ ಬೆಟ್ಟ ಹತ್ತುವವನಿಗೆ ದಿನದ ಚೀಟಿ ಇದೆ. ಮೊದಲೇ ಗೊತ್ತಾದ ತಿಂಗಳಲ್ಲಿ, ಮೊದಲೇ ಗೊತ್ತಾದ ಹಾದಿಯಲ್ಲಿ ಮಂದೆ ಹೊಡೆದುಕೊಂಡು ಬರುವ ಕುರಿಗಾರನಿಗೆ ಅಷ್ಟೇ ಸಲೀಸಾದ ಚೀಟಿ ಇಲ್ಲ. ಇಬ್ಬರೂ ಕೇಳುವುದು ಒಂದು ರಾತ್ರಿಯ ಜಾಗವನ್ನೇ.

ಮುಕ್ಕಾಂ ಪೂರ್ತಿ ಸತ್ತಿಲ್ಲ. ಚಂಪಾಷಷ್ಠಿಯ ಹೊತ್ತಿಗೆ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಮೂರು ರಾಜ್ಯದ ಭಕ್ತರು ಬಂದು ಗುಡಿಯ ಸುತ್ತ ಒಲೆ ಹೂಡುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಗಡಿಯ ಎರಡೂ ಕಡೆಯ ಕೂಲಿ ಟೋಳಿಗಳು ಹೊಲದ ಬದಿಗೆ ತಾಡಪತ್ರಿ ಕಟ್ಟಿ ತಿಂಗಳುಗಟ್ಟಲೆ ಇಳಿಯುತ್ತವೆ. ಬಂದವರ ಮೊದಲ ಪ್ರಶ್ನೆ ಈಗಲೂ ನೀರು ಎಲ್ಲಿ, ಯಾರದು ಎಂಬುದೇ. ಬಯಲಲ್ಲಿ ಮಲಗುವ ಇವರ ಇರುವಿಕೆಯನ್ನು ಯಾರೂ ವಿಹಾರ ಎನ್ನುವುದಿಲ್ಲ, ಇವರಿಗೆ ಏಕಾಂತದ ಹಂಬಲವೂ ಇಲ್ಲ. ಈ ಸೀಮೆಯಲ್ಲಿ ನಡೆದು ಹೋಗಿ ತಂಗುವ ತಾಣಗಳನ್ನು ಮುಂದೆ ಯಾರಾದರೂ ಗೊತ್ತುಮಾಡುವುದಾದರೆ ಇತಿಹಾಸ ಕೊಡುವ ಸಲಹೆ ಸರಳ: ನಟ್ಟನಡು ಕಾಡಿಗಿಂತ ಊರ ಅಂಚು ಮೇಲು, ನೀರಿನ ಒಡೆಯರು ಯಾರೆಂದು ಮೊದಲು ಗೊತ್ತಾಗಬೇಕು, ಕುರಿಗಾರ, ಕೂಲಿ, ಚಾರಣಿಗ ಮೂವರ ಹೆಸರೂ ಒಂದೇ ವಹಿಯಲ್ಲಿ ಬರಬೇಕು. ಲಂಬಾಣಿಗರ ನೆನಪಿನ ತಾಮ್ರದ ಸನ್ನದಿನಲ್ಲಿ ದಾರಿ ಇತ್ತು, ನೆಲ ಇರಲಿಲ್ಲ. ಮಳಖೇಡದಲ್ಲಿ ಸಿಕ್ಕ ಹಕ್ಕುಪತ್ರದಲ್ಲಿ ನೆಲ ಇದೆ, ದಾರಿ ಇಲ್ಲ. ಈ ಎರಡು ಕಾಗದಗಳ ನಡುವೆ ಸುಮಾರು 390 ವರ್ಷ ಸಂದಿವೆ. ಒಂದು ರಾತ್ರಿ ಇಳಿದು ಬೆಳಗಾದರೆ ಎದ್ದು ಹೋಗುವವನ ಹೆಸರಿಗೆ ಮೂರನೆಯ ಕಾಗದವನ್ನು ಇನ್ನೂ ಯಾರೂ ಬರೆದುಕೊಟ್ಟಿಲ್ಲ.